ಮುಷ್ಕರವೆ, ಬಹಿಷ್ಕಾರವೆ? 2012ರ ಕ್ವಿಬೆಕ್ ವಿದ್ಯಾರ್ಥಿ ಚಳವಳಿಯಲ್ಲಿ ಒಂದು ಶಬ್ದವಿಚಾರ

ಕೆನಡಾ ದೇಶದ ಕ್ವಿಬೆಕ್ ಪ್ರಾಂತದಲ್ಲಿ 2012ರ ಫೆಬ್ರವರಿಯಿಂದ ಸೆಪ್ಟೆಂಬರ್‌ವರೆಗೆ ನಡೆದ ವಿದ್ಯಾರ್ಥಿ ಚಳವಳಿಯನ್ನು ವಿವೇಚಿಸುವವರು ಶುಲ್ಕದ ಮೊತ್ತವನ್ನು ಹಿಡಿದು ಹೊರಡುವುದು ರೂಢಿ. ಮೊತ್ತಕ್ಕಿಂತಲೂ ಮೂಲವಾದ ವಿವಾದ ಒಂದು ಶಬ್ದವನ್ನು ಕುರಿತು ನಡೆಯಿತೆಂದು ತೋರಿಸುವುದು ಈ ಲೇಖನದ ಉದ್ದೇಶ. ತರಗತಿಗಳನ್ನು ತೊರೆದು ಬೀದಿಗಿಳಿದ ವಿದ್ಯಾರ್ಥಿಗಳು ತಾವು ಕೈಗೊಂಡುದನ್ನು 'ಗ್ರೆವ್', ಎಂದರೆ ಮುಷ್ಕರ, ಎಂದು ಕರೆದರು; ಪ್ರಾಂತದ ಪ್ರಧಾನಿ ಝಾಂ ಶರೆಯವರ ಸರ್ಕಾರವಾದರೋ ಆ ಮಾತನ್ನು ಒಪ್ಪದೆ, ಅದು ಕೇವಲ ಬಹಿಷ್ಕಾರವೆಂದು ಪಟ್ಟುಹಿಡಿಯಿತು. ಮುಷ್ಕರವೆಂಬುದು ಒಂದು ಸಮುದಾಯ ಕೂಡಿ ನಿಶ್ಚಯಿಸಿ, ಆ ನಿಶ್ಚಯಕ್ಕೆ ತನ್ನವರೆಲ್ಲರನ್ನೂ ಬದ್ಧರನ್ನಾಗಿಸುವ ಕ್ರಿಯೆ; ಬಹಿಷ್ಕಾರವೋ, ಅಂಗಡಿಯ ಸರಕು ಬೇಡವೆಂದು ಗಿರಾಕಿಯೊಬ್ಬನು ಮುಖ ತಿರುಗಿಸಿದಂತೆ, ಅವರವರಿಗೆ ಬಿಟ್ಟ ವಿಷಯ. ಶಬ್ದ ಯಾವುದೆಂದು ತೀರ್ಮಾನವಾದರೆ, ವಿಶ್ವವಿದ್ಯಾನಿಲಯ ಯಾರದೆಂಬುದೂ ಅರ್ಧ ತೀರ್ಮಾನವಾದಂತೆಯೆ.

ವಿದ್ಯಾರ್ಥಿಗಳ ಪಕ್ಷಕ್ಕೆ ಇತಿಹಾಸದ ಬೆಂಬಲವಿತ್ತು. ಅಲ್ಲಿಯವರು 'ಶಾಂತ ಕ್ರಾಂತಿ'ಯೆಂದು ಕರೆಯುವ 1960ರ ದಶಕದಲ್ಲಿ, ಚರ್ಚಿನ ಆಡಳಿತದಲ್ಲಿದ್ದ ವಿದ್ಯಾಭ್ಯಾಸವನ್ನು ರಾಜ್ಯವು ವಹಿಸಿಕೊಂಡಾಗ, ಸ್ವತಃ ಪಾದ್ರಿಗಳಾಗಿದ್ದ ಅಲ್ಫೋನ್ಸ್-ಮರಿ ಪಾರಾಂ ಅವರ ಅಧ್ಯಕ್ಷತೆಯ ಆಯೋಗವು, 1963ರಿಂದ 1966ರವರೆಗೆ ಭಾಗಭಾಗವಾಗಿ ಹೊರಬಂದ ತನ್ನ ವರದಿಯಲ್ಲಿ, ಉನ್ನತ ಶಿಕ್ಷಣವು ಕಾಲಕ್ರಮದಲ್ಲಿ ಶುಲ್ಕರಹಿತವಾಗಬೇಕೆಂಬ ಆದರ್ಶವನ್ನು ಮುಂದಿಟ್ಟಿತ್ತು. ಅದರ ಫಲವಾಗಿ 1967ರಲ್ಲಿ ಬೋಧನಾಶುಲ್ಕವಿಲ್ಲದ ಸಾರ್ವಜನಿಕ ಕಾಲೇಜುಗಳು ಹುಟ್ಟಿದುವು. ವಿಶ್ವವಿದ್ಯಾನಿಲಯದ ಶುಲ್ಕವು ವರ್ಷಕ್ಕೆ ಸುಮಾರು 540 ಡಾಲರಿನಲ್ಲಿ 1990ರವರೆಗೂ ನಿಂತಿತು. ಅನಂತರ ಅದು 1,668ಕ್ಕೆ, 2007ರ ಬಳಿಕ ಮೆಲ್ಲಮೆಲ್ಲನೆ 2,168ಕ್ಕೆ ಏರಿತು.

2011ರ ಆಯವ್ಯಯದಲ್ಲಿ ಅರ್ಥಸಚಿವ ರೇಮೋಂ ಬಾಶಾಂ ಅವರು ವರ್ಷಕ್ಕೆ 325 ಡಾಲರಿನಂತೆ ಐದು ವರ್ಷ ಏರಿಸಿ, ಅದನ್ನು 3,793 ಡಾಲರಿಗೆ ಮುಟ್ಟಿಸುವ ನಿರ್ಧಾರವನ್ನು ಪ್ರಕಟಿಸಿದರು. ಹಿಂದಿನ ವರ್ಷದ ಆಯವ್ಯಯದಲ್ಲಿ ಅವರೇ ಆರೋಗ್ಯಸೇವೆಗೆಂದು ವಯಸ್ಕರ ಮೇಲೆ ತಲಾ ಒಂದು ವಂತಿಗೆಯನ್ನು ಹೇರಿದ್ದರೆಂಬುದನ್ನು ಇದರೊಡನೆ ಸೇರಿಸಿ ನೋಡಬೇಕು: ರಾಜ್ಯವು ತನ್ನ ವೆಚ್ಚವನ್ನು ಬಿಗಿಹಿಡಿದು, ಬಳಸುವವನೇ ತೆರಲೆಂಬ ನೀತಿಗೆ ತಿರುಗುತ್ತಿದ್ದ ಕಾಲ ಅದು. ವಿದ್ಯಾರ್ಥಿಗಳು ತಮ್ಮ 'ನ್ಯಾಯವಾದ ಪಾಲನ್ನು' ಕೊಡಲಿ ಎಂಬುದು ಸರ್ಕಾರದ ನುಡಿ. ಕ್ವಿಬೆಕ್ಕಿನ ಶುಲ್ಕ ಆಗ ಕೆನಡಾದಲ್ಲಿಯೇ ಅತಿ ಕಡಿಮೆಯದಾಗಿತ್ತೆಂಬುದೂ, ಸಾಲ ಮತ್ತು ವಿದ್ಯಾರ್ಥಿವೇತನಗಳನ್ನು ಹೆಚ್ಚಿಸುವ ಭರವಸೆಯಿತ್ತೆಂಬುದೂ ನಿಜ. ಆದರೆ ಈ ವಾದ ಕಲಿಯುವವನ ಮುಂದಿನ ಗಳಿಕೆಯೊಂದನ್ನೇ ಎಣಿಸುತ್ತದೆ. ಅವನು ವೈದ್ಯನೋ ಉಪಾಧ್ಯಾಯನೋ ಆದಾಗ ಊರಿಗಾಗುವ ಲಾಭ ಅದರ ಲೆಕ್ಕದಲ್ಲಿ ಎಲ್ಲಿಯೂ ಕಾಣದು. ಅಲ್ಪ ಶುಲ್ಕವನ್ನು ಕೊಟ್ಟು ಓದಿದ ತಲೆಮಾರಿನವರು ತಮ್ಮ ತೆರಿಗೆಯ ಮೂಲಕ ಋಣ ತೀರಿಸಬಹುದಾಗಿದ್ದಲ್ಲಿ, ಆ ಋಣವನ್ನು ಮಕ್ಕಳ ಹೆಗಲಿಗೇರಿಸಿದುದು ನನಗೆ ನ್ಯಾಯವೆಂದು ತೋರುವುದಿಲ್ಲ.

ಸಾಲದ ಈ ಭಾರವೇ ಚಳವಳಿಯ ಚಿಹ್ನೆಯಾಯಿತು. ಕೆಂಪು ಫೆಲ್ಟ್ ಬಟ್ಟೆಯ ಪುಟ್ಟ ಚೌಕ. ಅದನ್ನು ಚುಚ್ಚಿ ಹಿಡಿಯಲು ಒಂದು ಪಿನ್ನು. ಅಂಗಿಯ ಎದೆಯ ಮೇಲೋ ಕೈಚೀಲದ ಪಟ್ಟಿಯ ಮೇಲೋ ಅದರ ಸ್ಥಾನ. ಫ್ರೆಂಚಿನಲ್ಲಿ 'ಕಾರೆ' ಎಂದರೆ ಚೌಕ, 'ಕಾರೆಮಾಂ' ಎಂದರೆ ಸಾಕ್ಷಾತ್, ನೇರವಾಗಿ. 'ಕೆಂಪಿನಲ್ಲಿರುವುದು' ಎಂದರೆ ಸಾಲದಲ್ಲಿರುವುದು. ಈ ಶ್ಲೇಷೆಯನ್ನು ಮೊದಲು ಬಡತನದ ವಿರುದ್ಧ ಹೋರಾಡುವವರು ಧರಿಸಿದ್ದರು. ವಿದ್ಯಾರ್ಥಿವೇತನಗಳಲ್ಲಿ 103 ದಶಲಕ್ಷ ಡಾಲರನ್ನು ಸಾಲವಾಗಿ ಮಾರ್ಪಡಿಸಿದುದನ್ನು ವಿರೋಧಿಸಿ 2005ರಲ್ಲಿ ನಡೆದ ಮುಷ್ಕರದಲ್ಲಿ ವಿದ್ಯಾರ್ಥಿಗಳು ಅದನ್ನು ತಮ್ಮದಾಗಿಸಿಕೊಂಡರು.

ಮುಷ್ಕರದ ನಿರ್ಣಯ ವಿಭಾಗವಿಭಾಗದ ಮಹಾಸಭೆಗಳಲ್ಲಿ, ಬಹುಕಡೆ ಕೈಯೆತ್ತಿ ಮತ ನೀಡಿ ಆದುದು. 1983ರ ಶಾಸನವು ವಿದ್ಯಾರ್ಥಿಸಂಘಗಳಿಗೆ ಮಾನ್ಯತೆಯನ್ನು ಕೊಟ್ಟಿದ್ದರೂ ಮುಷ್ಕರದ ವಿಷಯದಲ್ಲಿ ಮೌನವಾಗಿತ್ತು. ಆ ಮೌನದ ಸಂದಿಯಲ್ಲಿಯೇ ಶಬ್ದವಿವಾದ ನ್ಯಾಯಾಲಯವನ್ನು ಹೊಕ್ಕಿತು: ತನಗೆ ಪಾಠ ಬೇಕೆಂದು ಒಬ್ಬೊಬ್ಬ ವಿದ್ಯಾರ್ಥಿಯು ತಂದ ಅರ್ಜಿಗಳ ಮೇಲೆ ತಡೆಯಾಜ್ಞೆಗಳು ಹೊರಟುವು. ಅಂತಹ ಆಜ್ಞೆಯೊಂದನ್ನು ಕುರಿತ ಮಾತಿಗಾಗಿ ವಿದ್ಯಾರ್ಥಿನಾಯಕ ಗಾಬ್ರಿಯೆಲ್ ನಾದೊ-ದುಬುವಾ ಅವರನ್ನು ನ್ಯಾಯಾಂಗನಿಂದನೆಯ ದೋಷಿಯೆಂದು 2012ರಲ್ಲಿ ನಿರ್ಣಯಿಸಲಾಯಿತು. 2016ರಲ್ಲಿ ಸರ್ವೋಚ್ಚ ನ್ಯಾಯಾಲಯ ಅವರು ನಿರ್ದೋಷಿಯೆಂದು ಅಂತಿಮವಾಗಿ ತೀರ್ಮಾನಿಸಿತು.

ಮೇ 18ರಂದು ಅಂಗೀಕೃತವಾದ ವಿಶೇಷ ಶಾಸನವು, 50 ಮಂದಿಗೆ ಕಡಿಮೆಯಿಲ್ಲದ ಯಾವ ಮೆರವಣಿಗೆಯೇ ಆಗಲಿ ಎಂಟು ಗಂಟೆ ಮುಂಚಿತವಾಗಿ ತನ್ನ ಹಾದಿಯನ್ನು ಪೊಲೀಸರಿಗೆ ತಿಳಿಸತಕ್ಕದ್ದೆಂದು ವಿಧಿಸಿತು. ಉತ್ತರ ಅಡುಗೆಮನೆಗಳಿಂದ ಬಂದಿತು. ರಾತ್ರಿ ಎಂಟು ಹೊಡೆಯುತ್ತಿದ್ದಂತೆ ಮಾಂಟ್ರಿಯಲ್ ನಗರದ ಮಹಡಿಗಳ ಕಟಕಟೆಗಳಲ್ಲಿ, ಮನೆಬಾಗಿಲ ಮೆಟ್ಟಿಲುಗಳ ಮೇಲೆ, ಮಗುವನ್ನು ಸೊಂಟದಲ್ಲಿಟ್ಟ ತಾಯಿಯೂ ಕೋಲೂರಿದ ಮುದುಕನೂ ಪಾತ್ರೆ, ಬಾಣಲೆ, ಮುಚ್ಚಳಗಳನ್ನು ಮರದ ಸೌಟಿನಿಂದ ಬಡಿಯತೊಡಗಿದರು. ಚಿಲಿ ದೇಶದಿಂದ ಬಂದ ಪದ್ಧತಿ ಅದು. ತಾವು ಶುಲ್ಕ ತೆರಬೇಕಾದವರಲ್ಲದ ಇವರನ್ನು ಸರಕು ಬೇಡವೆಂದ ಗಿರಾಕಿಗಳೆಂದು ಕರೆಯುವುದು ಸಾಧ್ಯವೇ ಇರಲಿಲ್ಲ; ಬಹಿಷ್ಕಾರವೆಂಬ ಶಬ್ದ ಆ ಸದ್ದಿನಲ್ಲಿ ಅರ್ಥಗೆಟ್ಟಿತು.

ಸೆಪ್ಟೆಂಬರ್ 4ರ ಚುನಾವಣೆಯಲ್ಲಿ ಶರೆಯವರ ಪಕ್ಷವೂ, ತಮ್ಮ ಕ್ಷೇತ್ರದಲ್ಲಿ ಅವರೂ ಸೋತರು. ಪೋಲಿನ್ ಮರ್ವಾ ಅವರ ಹೊಸ ಸರ್ಕಾರ ಆ ತಿಂಗಳಲ್ಲಿಯೇ ಶುಲ್ಕದ ಏರಿಕೆಯನ್ನು ರದ್ದುಗೊಳಿಸಿತು. ಆದರೆ 2013ರ ಫೆಬ್ರವರಿಯಲ್ಲಿ ಅದೇ ಸರ್ಕಾರ ಕರೆದ ಉನ್ನತ ಶಿಕ್ಷಣ ಸಮ್ಮೇಳನವು ವರ್ಷಕ್ಕೆ ಸುಮಾರು ಶೇಕಡ 3ರ ಏರಿಕೆಯಲ್ಲಿ ಮುಗಿಯಿತು. ಶುಲ್ಕವೇ ಕೂಡದೆಂಬ ವಾದವನ್ನು ಅಲ್ಲಿ ನಿಜವಾಗಿ ಚರ್ಚಿಸುವ ಸಂಭವವಿಲ್ಲವೆಂದು ಕಂಡು, ಮುಷ್ಕರದಲ್ಲಿ ಮುಂದಾಳಾಗಿದ್ದ ವಿದ್ಯಾರ್ಥಿಸಂಘವು ಸಮ್ಮೇಳನದ ಒಳಹೋಗದೆ ಹೊರಗೆ ಬೀದಿಯಲ್ಲಿ ಮೆರವಣಿಗೆ ನಡೆಸಿತು. ಆ ಕಾರ್ಯಕ್ಕೆ ಬಹಿಷ್ಕಾರವೆಂಬ ಹೆಸರನ್ನು ಅದು ತಾನೇ ಇಟ್ಟುಕೊಂಡಿತು.