ಮೇಜರ್ ಟಾಮ್‌ನ ಕಥೆ ಮುಗಿಸಿದ್ದು ಯಾರು?

1983ರ ಡಿಸೆಂಬರ್ 24ರ ‘ಬಿಲ್‌ಬೋರ್ಡ್’ ಸಂಚಿಕೆಯ ಹಾಟ್ 100 ಪಟ್ಟಿಯಲ್ಲಿ ಮೊದಲ ಸ್ಥಾನ ಪಾಲ್ ಮೆಕಾರ್ಟ್ನಿ–ಮೈಕೆಲ್ ಜಾಕ್ಸನ್ ಜೋಡಿಯದು. ಕೆಳಗಿಳಿದರೆ 14ನೇ ಸಾಲಿನಲ್ಲಿ ಸ್ಟುಟ್‌ಗಾರ್ಟ್‌ನ ಪೀಟರ್ ಶಿಲ್ಲಿಂಗ್ ಸಿಗುತ್ತಾನೆ. ಹಾಡು ‘ಮೇಜರ್ ಟಾಮ್ (ಕಮಿಂಗ್ ಹೋಮ್)’. ಟಾಮ್ ಎಂಬ ಗಗನಯಾತ್ರಿಯನ್ನು ಹುಟ್ಟಿಸಿದವನು ಮಾತ್ರ ಇಂಗ್ಲೆಂಡಿನ ಡೇವಿಡ್ ಬೋವಿ, 1969ರ ‘ಸ್ಪೇಸ್ ಆಡಿಟಿ’ಯಲ್ಲಿ. ಆ ಮೂಲ ಹಾಡು ಇದೇ ಪಟ್ಟಿಯಲ್ಲಿ ಎಲ್ಲಿತ್ತು ಎಂದು ಹಿಂದಕ್ಕೆ ಹುಡುಕುತ್ತಾ ಹೋದೆ. ಬಿಡುಗಡೆಯಾದ ವರ್ಷ ನೂರರೊಳಗೇ ಬಂದಿರಲಿಲ್ಲ. 1973ರಲ್ಲಿ ಮತ್ತೆ ಹೊರಬಂದಾಗ ಏರಿದ್ದು 15ಕ್ಕೆ. ಅಂದರೆ ಅಮೆರಿಕದಲ್ಲಿ ಎರವಲು ಟಾಮ್ ಅಸಲಿ ಟಾಮ್‌ನನ್ನು ಒಂದು ಸ್ಥಾನದಿಂದ ಹಿಂದಿಕ್ಕಿದ್ದ. ಕೆನಡಾದಲ್ಲಂತೂ ಅವನೇ ನಂಬರ್ ಒನ್.

ಇದು ಹೇಗಾಯಿತು? ಸುಲಭದ ಉತ್ತರವೊಂದು ನಾಸಾ ದಾಖಲೆಯಲ್ಲಿ ಕಾಣಿಸಿತು. 1983ರ ನವೆಂಬರ್ 28ರಂದು ಕೊಲಂಬಿಯಾ ಷಟಲ್‌ನಲ್ಲಿ ಪಶ್ಚಿಮ ಜರ್ಮನಿಯ ಉಲ್ಫ್ ಮೆರ್ಬೋಲ್ಡ್ ಹಾರಿದ. ಅಮೆರಿಕದ ನೌಕೆಯೇರಿದ ಮೊದಲ ವಿದೇಶಿ ಅವನೇ. ಡಿಸೆಂಬರ್ 8ಕ್ಕೆ ನೆಲ ಮುಟ್ಟಿದ. ಎರಡು ವಾರಕ್ಕೆ ಶಿಲ್ಲಿಂಗ್ 14ರಲ್ಲಿ! ಆದರೆ ಮೆರ್ಬೋಲ್ಡ್ ಹಾರುವ ಮೊದಲೇ ಹಾಡು ಪಟ್ಟಿ ಹತ್ತತೊಡಗಿತ್ತು. ಕಾಕತಾಳೀಯ ಎಂದು ಬದಿಗಿಟ್ಟೆ.

ಸುಳಿವು ಸಿಕ್ಕಿದ್ದು ಬ್ರಿಟನ್ನಿನ ಪಟ್ಟಿಯಲ್ಲಿ. ಅಲ್ಲಿ ಲೆಕ್ಕವೇ ತಿರುಗುಮುರುಗು: ‘ಸ್ಪೇಸ್ ಆಡಿಟಿ’ 1969ರಲ್ಲಿ 5ನೇ ಸ್ಥಾನ, 1975ರಲ್ಲಿ ಮೊದಲ ಸ್ಥಾನ, ಶಿಲ್ಲಿಂಗ್ ಮಾತ್ರ 42ಕ್ಕೇ ನಿಂತ. ನಡುವೆ ಇನ್ನೊಂದು ಹಾಡಿದೆ. 1980ರಲ್ಲಿ ಬೋವಿಯೇ ‘ಆ್ಯಶಸ್ ಟು ಆ್ಯಶಸ್’ ಹಾಡಿ, ಟಾಮ್ ಮಾದಕವ್ಯಸನಿಯಾದ ಎಂದು ಕಥೆಗೆ ಕಹಿ ಮುಕ್ತಾಯ ಹಾಕಿದ್ದ. ಬ್ರಿಟನ್ನಿನಲ್ಲಿ ಅದು ನಂಬರ್ ಒನ್; ಅಮೆರಿಕದ ಹಾಟ್ 100ಕ್ಕೆ ಕಾಲಿಡಲೂ ಆಗಲಿಲ್ಲ.

ನನ್ನ ಊಹೆ ಇಷ್ಟು: ಬ್ರಿಟನ್ನಿನ ಕೇಳುಗರಿಗೆ ಟಾಮ್‌ನ ಗತಿ ಗೊತ್ತಾಗಿಹೋಗಿತ್ತು. ಅಮೆರಿಕದ ಬಹುಪಾಲು ಜನರ ಪಾಲಿಗೆ ಅವನು ಇನ್ನೂ ಆಕಾಶದಲ್ಲೇ ತೇಲುತ್ತಿದ್ದ. ಬೋವಿಯ ಮೊದಲ ಹಾಡಿನಲ್ಲಿ ಸಂಪರ್ಕ ಕೆಟ್ಟು ಟಾಮ್ ಕಳೆದುಹೋಗುತ್ತಾನೆ. ಶಿಲ್ಲಿಂಗ್‌ನ ಹಾಡಿನಲ್ಲಿ ಕೌಂಟ್‌ಡೌನ್ ಆಗುತ್ತದೆ, ನೌಕೆ ಏರುತ್ತದೆ, ಭೂಮಿಯವರು ಕರೆದು ಕರೆದು ಸೋತು ದುಃಖಿಸುತ್ತಾರೆ. ಇತ್ತ ಟಾಮ್‌ಗೆ ಯಾವುದೋ ಬೆಳಕು ದಾರಿ ತೋರಿಸುತ್ತಿರುತ್ತದೆ. ದಿಕ್ಕುಗೆಟ್ಟವನಿಗೆ ಕೊನೆಗೊಂದು ನೆಮ್ಮದಿ.

ಬ್ರಿಟಿಷರಿಗೆ ಜರ್ಮನ್ ಗಾಯಕರೇ ಹಿಡಿಸುತ್ತಿರಲಿಲ್ಲವೇನೋ ಎಂಬ ಆಕ್ಷೇಪ ಬರಬಹುದು. ಅದಕ್ಕೆ ಉತ್ತರ ಜರ್ಮನ್ ಗಾಯಕಿ ನೇನಾ. ಬಲೂನುಗಳನ್ನು ಹಾರುವ ತಟ್ಟೆಗಳೆಂದು ತಿಳಿದು ಸೇನೆಗಳು ಯುದ್ಧಕ್ಕಿಳಿಯುವ ಅವಳ ಹಾಡು 1984ರಲ್ಲಿ ಇಂಗ್ಲಿಷ್ ರೂಪದಲ್ಲಿ ಬ್ರಿಟನ್ನಿನ ನಂಬರ್ ಒನ್ ಆಯಿತು. ಅಮೆರಿಕದಲ್ಲಿ ಜರ್ಮನ್ ಭಾಷೆಯಲ್ಲೇ ಎರಡನೇ ಸ್ಥಾನಕ್ಕೇರಿತು. ಹಾಗಾಗಿ ಬ್ರಿಟನ್ನಿನಲ್ಲಿ ಶಿಲ್ಲಿಂಗ್‌ಗೆ ಅಡ್ಡಬಂದದ್ದು ಅವನ ದೇಶವಲ್ಲ, ಅವನು ಆರಿಸಿಕೊಂಡ ನಾಯಕ.

ಈ ಊಹೆ ಜರ್ಮನಿಗೆ ಮಾತ್ರ ಒಗ್ಗುವುದಿಲ್ಲ. ಅಲ್ಲಿ ಬೋವಿಯ ಹಾಡುಗಳು ಚೆನ್ನಾಗಿಯೇ ಓಡಿದ್ದವು. ಆದರೂ 1983ರ ಆರಂಭದಲ್ಲಿ ಶಿಲ್ಲಿಂಗ್‌ನ ಜರ್ಮನ್ ಮೂಲ ಮೊದಲ ಸ್ಥಾನಕ್ಕೇರಿತು. ಅದು ‘ನಾಯೆ ಡಾಯ್ಚೆ ವೆಲ್ಲೆ’ಯ, ಅಂದರೆ ಜರ್ಮನ್ ಹೊಸ ಅಲೆಯ ಕಾಲ, ಸಿಂಥಸೈಜರ್ ಹಿಡಿದ ಹುಡುಗ ಹುಡುಗಿಯರು ತಮ್ಮದೇ ಭಾಷೆಯಲ್ಲಿ ಪಾಪ್ ಹಾಡತೊಡಗಿದ್ದರು. ಅದೇ ವರ್ಷ ಪ್ರೀತಿ ಹಂಚಲು ಅನ್ಯಗ್ರಹದಿಂದ ಬರುವ ‘ಕೋಡೋ’ನ ಹಾಡೂ ಅಲ್ಲಿ ನಂಬರ್ ಒನ್. ಆ ಕೇಳುಗರಿಗೆ ಟಾಮ್ ಬೋವಿಯ ಮುಂದಿನ ಅಧ್ಯಾಯವಾಗಬೇಕಿರಲಿಲ್ಲ, ಜರ್ಮನ್ ಆಡಿದರೆ ಸಾಕಿತ್ತು. 2024ರ ಸೆಪ್ಟೆಂಬರ್‌ನಲ್ಲಿ ಡ್ಯುಸೆಲ್‌ಡಾರ್ಫ್‌ನಲ್ಲಿ ಹಂಗೆರಿಯನ್ನು 5–0ಯಿಂದ ಸೋಲಿಸಿದ ಜರ್ಮನ್ ಫುಟ್‌ಬಾಲ್ ತಂಡಕ್ಕೆ ಗೋಲಿನ ಹಾಡಾಗಿದ್ದೂ ಶಿಲ್ಲಿಂಗ್‌ನ ಇದೇ ಹಾಡು. ಐದು ಗೋಲಿಗೂ ಹಾಡು ಮೊಳಗಿದ ಆ ಕ್ರೀಡಾಂಗಣದಲ್ಲಿ ಟಾಮ್‌ನನ್ನು ಎರವಲು ಎನ್ನುವವರು ಹೆಚ್ಚಿರಲಾರರು.