ಆಡುವವರೇ ಆರಿಸಬಹುದೆ?

ಕಾಲೇಜಿನ ದಿನಗಳಲ್ಲಿ ನಾನು ಫುಟ್‌ಬಾಲ್ ತಂಡದಲ್ಲಿದ್ದೆ. ಕೊನೆಯ ವರ್ಷ, ಹಿರಿಯನೆಂಬ ಒಂದೇ ಕಾರಣದಿಂದ, ತಂಡವನ್ನು ಆರಿಸುವ ಸಭೆಗೆ ನನ್ನನ್ನೂ ಕರೆದರು. ಹತ್ತು ಹೆಸರುಗಳು ಬೇಗನೆ ತೀರ್ಮಾನವಾದವು. ಹನ್ನೊಂದನೆಯ ಸ್ಥಾನಕ್ಕೆ ಇಬ್ಬರಿದ್ದರು. ಒಬ್ಬ, ಮೂರು ವರ್ಷ ನನ್ನ ಕೊಠಡಿಯಲ್ಲೇ ಇದ್ದ ಗೆಳೆಯ. ಇನ್ನೊಬ್ಬ, ಆ ವರ್ಷವಷ್ಟೇ ಸೇರಿದ್ದ, ಹೆಚ್ಚು ಮಾತನಾಡದ ಹುಡುಗ. ಆ ಹುಡುಗನೇ ಮೇಲೆಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಅಭ್ಯಾಸದಲ್ಲಿ ಅವನನ್ನು ತಡೆಯಲು ಹೋಗಿ ದಿನವೂ ಸೋಲುತ್ತಿದ್ದವನು ನಾನೇ. ಆದರೂ ಅಧ್ಯಾಪಕರು ನನ್ನತ್ತ ತಿರುಗಿ, “ಏನಪ್ಪಾ, ನೀನೇನು ಹೇಳುತ್ತೀ?” ಎಂದು ಕೇಳಿದಾಗ ನನ್ನ ಬಾಯಿಂದ ಹೊರಟದ್ದು ಗೆಳೆಯನ ಹೆಸರು. ಆ ಪಂದ್ಯವನ್ನು ನಾವು ಗೆದ್ದೆವು. ಆ ಹುಡುಗ ಮಾತ್ರ ಮತ್ತೆ ಮೈದಾನಕ್ಕೆ ಬರಲಿಲ್ಲ.

ತಂಡದ ಆಯ್ಕೆಯಲ್ಲಿ ಹಿರಿಯ ಆಟಗಾರರಿಗೆ ಪಾಲಿರಬೇಕೆ ಎಂಬ ಚರ್ಚೆ ಎಲ್ಲಿ ಎದ್ದರೂ ನನಗೆ ಆ ಸಭೆಯ ನೆನಪಾಗುತ್ತದೆ. ಆದರೆ ಒಬ್ಬನ ತಪ್ಪಿನಿಂದ ನಿಯಮ ಹುಟ್ಟುವುದಿಲ್ಲ. ಈ ಪ್ರಶ್ನೆಗೆ ಒಂದು ಚರಿತ್ರೆಯೇ ಇದೆ. ಅದನ್ನು ಸ್ವಲ್ಪ ನೋಡಬಹುದು.

ಇಂಗ್ಲೆಂಡಿನಲ್ಲಿ ಬಹುಕಾಲ ರಾಷ್ಟ್ರದ ತಂಡವನ್ನು ಆರಿಸುತ್ತಿದ್ದವರು ಆಟಗಾರರೂ ಅಲ್ಲ, ತರಬೇತುದಾರರೂ ಅಲ್ಲ. ಫುಟ್‌ಬಾಲ್ ಸಂಸ್ಥೆಯ ಆಯ್ಕೆ ಸಮಿತಿಯವರು. ವಾಲ್ಟರ್ ವಿಂಟರ್‌ಬಾಟಮ್ 1946ರಿಂದ 1962ರವರೆಗೆ ತಂಡದ ಮ್ಯಾನೇಜರಾಗಿದ್ದರು. ಆದರೆ ಹನ್ನೊಂದು ಹೆಸರುಗಳನ್ನು ಬರೆಯುವ ಅಧಿಕಾರ ಅವರಿಗಿರಲಿಲ್ಲ. ಅಡುಗೆಯ ಹೊಣೆ ಒಬ್ಬನದು, ಸಂತೆಗೆ ಹೋಗುವವರು ಬೇರೆಯವರು. ಊಟ ಕೆಟ್ಟರೆ ಬೈಗುಳ ಮಾತ್ರ ಅಡುಗೆಯವನಿಗೆ!

1950ರ ವಿಶ್ವಕಪ್ಪಿಗಾಗಿ ಇಂಗ್ಲೆಂಡ್ ತಂಡ ಬ್ರೆಜಿಲ್ಲಿಗೆ ಹೋದಾಗ ಆಯ್ಕೆಯ ಹೊಣೆ ಗ್ರಿಮ್ಸ್‌ಬಿ ಊರಿನ ಮೀನಿನ ವ್ಯಾಪಾರಿ ಆರ್ಥರ್ ಡ್ರೂರಿಯವರದಾಗಿತ್ತು. ಚಿಲಿಯನ್ನು ಗೆದ್ದ ತಂಡವನ್ನೇ ಅವರು ಅಮೆರಿಕದ ವಿರುದ್ಧವೂ ಇಳಿಸಿದರು. ಆ ಕಾಲದ ದೊಡ್ಡ ಆಟಗಾರ ಸ್ಟ್ಯಾನ್ಲಿ ಮ್ಯಾಥ್ಯೂಸ್ ಹೊರಗೆ ಕುಳಿತು ಪಂದ್ಯ ನೋಡಬೇಕಾಯಿತು. ಜೂನ್ 29ರಂದು ಬೆಲೋ ಹೊರಿಝೋಂಟೆಯಲ್ಲಿ ಇಂಗ್ಲೆಂಡ್ 1–0ಯಿಂದ ಸೋತಿತು. ಗೆದ್ದ ತಂಡವನ್ನು ಕದಲಿಸಬಾರದೆಂಬುದು ಡ್ರೂರಿಯವರ ತರ್ಕ. ಅದು ಮೂರ್ಖತನವೇನಲ್ಲ; ಆದರೆ ಅದು ಮೈದಾನದ ಹೊರಗಿನವನ ತರ್ಕ.

ಆ ದಿನ ಬಲಬದಿಯ ಬ್ಯಾಕ್ ಆಗಿ ಆಡಿದವರು ಆಲ್ಫ್ ರ್‍ಯಾಮ್ಸೆ. 1953ರ ನವೆಂಬರಿನಲ್ಲಿ ವೆಂಬ್ಲಿ ಮೈದಾನದಲ್ಲಿ ಹಂಗೆರಿ ಇಂಗ್ಲೆಂಡನ್ನು 6–3ರಿಂದ ಸೋಲಿಸಿದಾಗಲೂ ಅವರು ಅಲ್ಲಿದ್ದರು. ಈ ಎರಡು ಅವಮಾನಗಳನ್ನು ಆಟಗಾರನಾಗಿ ಉಂಡವರು, 1962ರಲ್ಲಿ ಮ್ಯಾನೇಜರ್ ಹುದ್ದೆ ತಮ್ಮನ್ನು ಅರಸಿ ಬಂದಾಗ, ತಂಡವನ್ನು ತಾನೊಬ್ಬನೇ ಆರಿಸಬೇಕೆಂಬ ಷರತ್ತು ಹಾಕಿದರು. ಇಲ್ಲೊಂದು ಸ್ವಾರಸ್ಯವಿದೆ. ಸಮಿತಿಯ ಕೈಯಿಂದ ಲೇಖನಿಯನ್ನು ಕಸಿದುಕೊಂಡ ಆ ಹಳೆಯ ಆಟಗಾರ ಅದನ್ನು ಆಟಗಾರರ ಕೈಗೆ ಕೊಡಲಿಲ್ಲ; ತಮ್ಮಲ್ಲೇ ಇಟ್ಟುಕೊಂಡರು.

1966ರ ವಿಶ್ವಕಪ್ಪಿನಲ್ಲಿ ಆ ಲೇಖನಿಯ ಬೆಲೆ ತಿಳಿಯಿತು. ನಾಬಿ ಸ್ಟೈಲ್ಸ್ ಒರಟಾಗಿ ಆಡಿದನೆಂದು ಸಂಸ್ಥೆಯ ಹಿರಿಯರು ಅವನನ್ನು ಕೈಬಿಡಲು ಒತ್ತಾಯಿಸಿದಾಗ, ಅವನು ಹೋಗುವುದಾದರೆ ತಾನೂ ಹೋಗುವೆನೆಂದು ರ್‍ಯಾಮ್ಸೆ ನಿಂತುಬಿಟ್ಟರು. ಜಿಮ್ಮಿ ಗ್ರೀವ್ಸ್ ಆಗ ದೇಶದ ಅತ್ಯಂತ ಹೆಸರಾಂತ ಗೋಲು ಹೊಡೆಯುವವನು. ಕಾಲಿಗೆ ಗಾಯವಾಗಿ ಅವನು ಹೊರಗುಳಿದಾಗ ಜೆಫ್ ಹರ್ಸ್ಟ್ ಒಳಗೆ ಬಂದ. ಅಂತಿಮ ಪಂದ್ಯದ ವೇಳೆಗೆ ಗ್ರೀವ್ಸನ ಗಾಯ ಮಾಗಿದ್ದರೂ ರ್‍ಯಾಮ್ಸೆ ತಂಡವನ್ನು ಬದಲಿಸಲಿಲ್ಲ. ಹರ್ಸ್ಟ್ ಮೂರು ಗೋಲು ಹೊಡೆದ. ಇಂಗ್ಲೆಂಡ್ ಪಶ್ಚಿಮ ಜರ್ಮನಿಯನ್ನು 4–2ರಿಂದ ಗೆದ್ದಿತು. ಗೆದ್ದ ತಂಡವನ್ನು ಕದಲಿಸದಿರುವ ಡ್ರೂರಿಯವರ ತರ್ಕವೇ ಇಲ್ಲಿ ಫಲಿಸಿತಲ್ಲ ಎಂದು ನೀವು ಕೇಳಬಹುದು. ನಿಜ. ತರ್ಕ ಒಂದೇ ಆದರೂ ಅದನ್ನು ಬಳಸಿದ ಕಣ್ಣು ಬೇರೆ.

ಹಾಗಾದರೆ ಆಟಗಾರನ ಮಾತಿಗೆ ಬೆಲೆಯೇ ಇಲ್ಲವೆ? ಇದೆ. ಅದಕ್ಕೆ ಸಾಕ್ಷಿ, ಅಂದು ಸೋತ ಪಶ್ಚಿಮ ಜರ್ಮನಿಯೇ.

1974ರ ವಿಶ್ವಕಪ್ ನಡೆದದ್ದು ಅವರ ನಾಡಿನಲ್ಲೇ. ಜೂನ್ 22ರಂದು ಹ್ಯಾಂಬರ್ಗಿನಲ್ಲಿ ಅವರು ಪೂರ್ವ ಜರ್ಮನಿಗೆ 1–0ಯಿಂದ ಸೋತರು. ತರಬೇತುದಾರ ಹೆಲ್ಮುಟ್ ಶೋನ್ ಹುಟ್ಟಿದ್ದು ಡ್ರೆಸ್ಡನ್ನಿನಲ್ಲಿ, ಎಂದರೆ ಗಡಿಯ ಆಚೆಗೆ ಉಳಿದುಹೋದ ನಗರದಲ್ಲಿ. ಆ ಸೋಲು ಅವರಿಗೆ ಬರಿಯ ಆಟದ ಸೋಲಾಗಿರಲಿಲ್ಲ. ಮಾಲೆಂಟೆಯ ಶಿಬಿರಕ್ಕೆ ಮರಳಿದ ಮೇಲೆ ಆಟಗಾರರ ನಡುವೆ ಖಾರವಾದ ಮಾತುಗಳಾದವು. ನಾಯಕ ಫ್ರಾಂಝ್ ಬೆಕೆನ್‌ಬವರ್ ಯಾರ ಮುಖವನ್ನೂ ನೋಡದೆ ತನಗೆ ಕಂಡುದನ್ನು ಹೇಳಿದ. ನಾಲ್ಕು ದಿನಗಳ ನಂತರ ಯುಗೊಸ್ಲಾವಿಯದ ಎದುರು ಇಳಿದ ತಂಡದಲ್ಲಿ ನಾಲ್ಕು ಹೊಸ ಹೆಸರುಗಳಿದ್ದವು. ರೈನರ್ ಬಾನ್‌ಹೋಫ್, ಹೋಲ್ಝೆನ್‌ಬೈನ್ ಒಳಗೆ ಬಂದರು. ಗ್ರಾಬೋವ್‌ಸ್ಕಿ, ಉಲಿ ಹೋನೆಸ್ ಹೊರಗುಳಿದರು. ಈ ಹೋನೆಸ್ ಬೆಕೆನ್‌ಬವರನ ಸ್ವಂತ ಕ್ಲಬ್ಬಾದ ಬಾಯರ್ನ್ ಮ್ಯೂನಿಕ್ಕಿನವನು. ಬದಲಾವಣೆಯಲ್ಲಿ ನಾಯಕನ ಪಾಲೆಷ್ಟು, ಶೋನ್‌ರ ಪಾಲೆಷ್ಟು ಎಂಬ ವಾದ ಇಂದಿಗೂ ನಿಂತಿಲ್ಲ. ಆದರೆ ಆ ಮಾತುಕತೆಯಲ್ಲಿ ಗೆಳೆತನ ಮೇಲುಗೈಯಾಗಲಿಲ್ಲವೆಂಬುದು ತಂಡದ ಪಟ್ಟಿಯಲ್ಲೇ ಕಾಣುತ್ತದೆ. ಅಲ್ಲಿಂದ ಮುಂದೆ ಅವರು ಸೋಲಲಿಲ್ಲ. ಜುಲೈ 7ರಂದು ಮ್ಯೂನಿಕ್ಕಿನಲ್ಲಿ ಹಾಲೆಂಡನ್ನು 2–1ರಿಂದ ಗೆದ್ದಾಗ, ಗೆಲುವಿನ ಗೋಲಿಗೆ ಗೆರ್ಡ್ ಮುಲ್ಲರನಿಗೆ ಚೆಂಡನ್ನು ಒದಗಿಸಿದವನು ಆ ಬಾನ್‌ಹೋಫನೇ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಆಲಿಸಿದವರು ಶೋನ್, ಸಹಿ ಹಾಕಿದವರೂ ಶೋನ್. ಯುಗೊಸ್ಲಾವಿಯದ ಎದುರು ಸೋತಿದ್ದರೆ ದೇಶದ ಸಿಟ್ಟೆಲ್ಲ ಅವರ ತಲೆಯ ಮೇಲೆ ಬೀಳುತ್ತಿತ್ತು, ನಾಯಕನ ಮೇಲಲ್ಲ. ಕೇಳಿಸಿಕೊಳ್ಳುವುದು ಅವರಿಗೆ ಕುಂದಾಗಿ ಕಾಣಲಿಲ್ಲ; ಹೊಣೆಯನ್ನು ಹಂಚುವುದು ಸರಿಯೆಂದೂ ತೋರಲಿಲ್ಲ.

ಮುಂದೆ 1984ರಲ್ಲಿ ಬೆಕೆನ್‌ಬವರನೇ ಆ ತಂಡದ ಹೊಣೆ ಹೊತ್ತ. 1986ರಲ್ಲಿ ಮೆಕ್ಸಿಕೋದಲ್ಲಿ, ಅವಕಾಶ ಸಿಗದೆ ನೊಂದಿದ್ದ ಗೋಲ್‌ಕೀಪರ್ ಉಲಿ ಸ್ಟೈನ್ ಅವನನ್ನು ಗೇಲಿಮಾಡಿದಾಗ, ನಡುವೆಯೇ ಮನೆಗೆ ಕಳುಹಿಸಲಾಯಿತು. ಒಮ್ಮೆ ತರಬೇತುದಾರನ ಮುಂದೆ ನಿರ್ಭಯವಾಗಿ ಮಾತನಾಡಿದವನ ತಂಡದಲ್ಲೇ ಹೀಗಾಯಿತು. ಇದನ್ನು ಕೃತಘ್ನತೆ ಎನ್ನಲಾರೆ. ಹೇಳುವವನ ಮಾತಿಗೂ ಹೊರುವವನ ಮಾತಿಗೂ ಇರುವ ಅಂತರ, ಹೊತ್ತ ಮೇಲೆಯೇ ತಿಳಿಯುವಂಥದು. 1990ರಲ್ಲಿ ಅವನ ತಂಡ ವಿಶ್ವಕಪ್ ಗೆದ್ದಿತು.

ಜೊತೆಯಲ್ಲಿ ಆಡುವವನಿಗೆ ಕಾಣುವುದು ಹೊರಗಿನವನಿಗೆ ಕಾಣುವುದಿಲ್ಲ: ಯಾರ ಕಾಲು ಕೊನೆಯ ಹತ್ತು ನಿಮಿಷದಲ್ಲಿ ಸೋಲುತ್ತದೆ, ಯಾರು ಕಷ್ಟದಲ್ಲಿ ಚೆಂಡನ್ನು ಕೇಳುತ್ತಾರೆ, ಯಾರು ಅಡಗುತ್ತಾರೆ. ಅದನ್ನು ಕೇಳದೆ ತಂಡ ಕಟ್ಟುವವನು ಅರ್ಧ ಕುರುಡ. ಆದರೆ ತನ್ನ ಬೆನ್ನು ತನಗೆ ಕಾಣದು. ಹಿರಿಯ ಆಟಗಾರನಿಗೆ ತನ್ನ ಇಳಿಗಾಲವೂ ತನ್ನ ಗೆಳೆಯನ ಇಳಿಗಾಲವೂ ಹಾಗೆಯೇ. ಆದುದರಿಂದ ಅವನನ್ನು ಕೇಳಬೇಕು. ಅವನ ಕೈಗೆ ಲೇಖನಿ ಕೊಡಬಾರದು. ಲೇಖನಿ ಹಿಡಿದವನು, ಬಿಟ್ಟುಹೋದವನ ಮುಂದೆ ನಿಂತು, “ನಿನ್ನನ್ನು ಕೈಬಿಟ್ಟವನು ನಾನು” ಎಂದು ಹೇಳಬಲ್ಲವನಾಗಿರಬೇಕು.

ಅಂದು ಸಭೆಯಿಂದ ಹೊರಗೆ ಬಂದಾಗ ಆ ಹುಡುಗ ಜಗಲಿಯ ಮೇಲೆ ಕುಳಿತಿದ್ದ. ನಾನು ಇನ್ನೊಂದು ಬಾಗಿಲಿನಿಂದ ಹೋದೆ.