ಗಾಂಜಾ ಅಂಗಡಿಯ ಬ್ಯಾಚ್ ಲೆಕ್ಕ

ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ ವಯಸ್ಕರಿಗೆ ಗಾಂಜಾ ಮಾರುವ ಅಂಗಡಿಗಳು ಬಾಗಿಲು ತೆರೆದದ್ದು 2014ರ ಜನವರಿ 1ರಂದು. ಗಿರಾಕಿಯ ಆರೋಗ್ಯಕ್ಕಿಂತ ಸರ್ಕಾರವನ್ನು ಕಾಡಿದ್ದು ಕಳ್ಳಸಾಗಣೆ. ಕೇಂದ್ರ ಕಾನೂನಿನಲ್ಲಿ ಗಾಂಜಾ ನಿಷಿದ್ಧವಾಗಿಯೇ ಇತ್ತು. ಮಾಲು ಅಪ್ರಾಪ್ತರಿಗೋ ಮಾಫಿಯಾಕ್ಕೋ ಪಕ್ಕದ ರಾಜ್ಯಕ್ಕೋ ಸೋರದಂತೆ ನೋಡಿಕೊಳ್ಳುವ ರಾಜ್ಯಗಳ ತಂಟೆಗೆ ಹೆಚ್ಚು ಹೋಗಬೇಕಿಲ್ಲ ಎಂಬ ಧಾಟಿಯ, ಕೇಂದ್ರ ನ್ಯಾಯ ಇಲಾಖೆಯ ಸೂಚನಾಪತ್ರ ‘ಕೋಲ್ ಮೆಮೊ’ 2013ರ ಆಗಸ್ಟ್‌ನಲ್ಲಿ ಹೊರಬಿದ್ದಿತ್ತು. ಬೀಜದಿಂದ ಬಿಲ್‌ವರೆಗೆ ಲೆಕ್ಕವಿಡುವ ಪದ್ಧತಿಗೆ ಬಲ ಬಂದದ್ದು ಇದರಿಂದ.

ಕೊಲೊರಾಡೊ ಆರಿಸಿಕೊಂಡದ್ದು ಫ್ಲೋರಿಡಾದ ಫ್ರಾನ್‌ವೆಲ್ ಕಂಪನಿಯ ‘ಮೆಟ್ರಿಕ್’ ತಂತ್ರಾಂಶವನ್ನು. ಗಿಡ ಒಂದು ಮಟ್ಟಕ್ಕೆ ಬೆಳೆದ ಮೇಲೆ ಅದಕ್ಕೊಂದು ಆರ್‌ಎಫ್‌ಐಡಿ (ರೇಡಿಯೊ ತರಂಗದಿಂದ ಗುರುತಿಸುವ) ಟ್ಯಾಗ್. ಕೊಯ್ಲಾದ ಮೇಲೆ ಪೊಟ್ಟಣಕ್ಕೆ 24 ಅಕ್ಷರ-ಅಂಕಿಗಳ ಇನ್ನೊಂದು ಟ್ಯಾಗ್.

ಅಂಗಡಿಯಲ್ಲಿ ಕೆಲಸ ಶುರುವಾಗುವುದು ಹಿಂಬಾಗಿಲಲ್ಲಿ. ಸಾಗಣೆ ಚೀಟಿಯ ಸಂಖ್ಯೆಗೂ ಪೊಟ್ಟಣದ ಟ್ಯಾಗ್‌ಗೂ ತಾಳೆ ನೋಡಿ, ತೂಗಿ, ಕಂಪ್ಯೂಟರಿನಲ್ಲಿ ‘ಸ್ವೀಕರಿಸಿದೆ’ ಎಂದು ಒತ್ತಿದ ಮೇಲಷ್ಟೇ ಮಾಲು ಅಂಗಡಿಯದು. ಫಜೀತಿ ಇರುವುದು ಆಮೇಲೆ. ದೊಡ್ಡ ಪೊಟ್ಟಣ ಒಡೆದು ಗ್ರಾಂ ಲೆಕ್ಕದಲ್ಲಿ ಮಾರುವಾಗ ಟ್ಯಾಗ್ ಒಳಕೋಣೆಯಲ್ಲೇ ಉಳಿಯುತ್ತದೆ. ಹೂವು ಒಣಗಿ ತೂಕ ಇಳಿಯುತ್ತದೆ. ಇಳಿದದ್ದಕ್ಕೂ ಕಾರಣ ಬರೆಯಬೇಕು. ಒಂದೇ ತಳಿಯ ಎರಡು ಬ್ಯಾಚ್‌ಗಳನ್ನು (ಒಟ್ಟಿಗೆ ಕೊಯ್ದ ಮಾಲು ಒಂದು ಬ್ಯಾಚ್) ಒಂದೇ ಜಾಡಿಗೆ ಸುರಿದರಂತೂ ಅಷ್ಟೂ ದಿನದ ಲೆಕ್ಕ ನೀರುಪಾಲು.

ಬ್ಯಾಚ್ ಸಂಖ್ಯೆಯ ಅಸಲಿ ಬೆಲೆ ತಿಳಿದದ್ದು 2015ರಲ್ಲಿ. ಡೆನ್ವರ್‌ನ ಮಾಲಿನಲ್ಲಿ ನಿಷೇಧಿತ ಕೀಟನಾಶಕ ಸಿಕ್ಕಿತು, ಬ್ಯಾಚ್ ಸಂಖ್ಯೆ ಹೆಸರಿಸಿ ಒಂದರ ಹಿಂದೊಂದು ಮಾಲು ಹಿಂಪಡೆಯುವ ಪ್ರಕಟಣೆ ಬಂತು. ಕಳ್ಳನನ್ನು ಹಿಡಿಯಲು ಹಾಕಿದ ಟ್ಯಾಗ್ ವಿಷ ಹುಡುಕುವ ಕೆಲಸಕ್ಕೆ ಬಂತು.

ವಾಷಿಂಗ್ಟನ್ ರಾಜ್ಯದ ಕಥೆ ಬೇರೆ, ಸ್ವಲ್ಪ ನಗೆ ಬರಿಸುವಂಥದ್ದೂ ಹೌದು. 2014ರಲ್ಲಿ ‘ಬಯೋಟ್ರ್ಯಾಕ್’ ತಂತ್ರಾಂಶದ ಜೊತೆ ಹೊರಟ ರಾಜ್ಯ, 2018ರ ಫೆಬ್ರುವರಿಯಲ್ಲಿ ಎಂಜೆ ಫ್ರೀವೇ ಕಂಪನಿಯ ‘ಲೀಫ್ ಡೇಟಾ’ಕ್ಕೆ ಬದಲಾಯಿತು. ಇದೇ ಕಂಪನಿ ಹಿಂದಿನ ವರ್ಷ ಸೈಬರ್ ದಾಳಿಗೆ ಸಿಕ್ಕಿ, ಹಲವು ರಾಜ್ಯಗಳ ಅಂಗಡಿಗಳ ಬಿಲ್ಲಿಂಗ್ ಕೆಟ್ಟು ನಿಂತಿತ್ತು. ಹೊಸ ವ್ಯವಸ್ಥೆ ಮೊದಲ ದಿನದಿಂದಲೇ ಕೈಕೊಟ್ಟಿತು. ಕೊನೆಗೆ 2021ರ ಡಿಸೆಂಬರ್‌ನಲ್ಲಿ ರಾಜ್ಯ ಅದನ್ನೂ ಬಿಟ್ಟು, ಅಂಗಡಿಯವರೇ ದತ್ತಾಂಶದ ಕಡತ ತುಂಬಿ ಕಳಿಸುವ ಸರಳ ಪದ್ಧತಿಗೆ ಬಂತು. ಕೆನಡಾ ಮೊದಲಿನಿಂದಲೂ ಗಿಡಗಿಡಕ್ಕೆ ಟ್ಯಾಗ್ ಕಟ್ಟಲು ಹೋಗದೆ, ತಿಂಗಳ ಲೆಕ್ಕ ತರಿಸಿಕೊಳ್ಳುತ್ತಿದೆ.

ಲೆಕ್ಕವೇ ಇಲ್ಲದಿದ್ದರೆ ಏನಾಗುತ್ತದೆಂಬುದು 2019ರಲ್ಲಿ ಅಮೆರಿಕದಲ್ಲಿ ಕಂಡಿತು. ಇ-ಸಿಗರೇಟು ಸೇದಿದವರ ಶ್ವಾಸಕೋಶ ಕೆಟ್ಟು, 2020ರ ಫೆಬ್ರುವರಿ ಹೊತ್ತಿಗೆ 2,807 ಪ್ರಕರಣ, 68 ಸಾವು ದಾಖಲಾದವು. ಹೆಚ್ಚಿನವರು ಗಾಂಜಾ ಎಣ್ಣೆಯ ಕಾರ್ಟ್ರಿಡ್ಜ್ ಕೊಂಡದ್ದು ಗೆಳೆಯರಿಂದ, ಬೀದಿಯಿಂದ. ಅಲ್ಲಿ ಹಿಂದಕ್ಕೆ ಜಾಡು ಹಿಡಿಯಲು ಬ್ಯಾಚ್ ಸಂಖ್ಯೆ ಎಲ್ಲಿಂದ ಬರಬೇಕು?

ಹಾಗೆಂದು ಸಂಖ್ಯೆ ಇದ್ದ ಮಾಲೆಲ್ಲ ಶುದ್ಧವೂ ಅಲ್ಲ. 2024ರ ಜೂನ್‌ನಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಕ್ಯಾಲಿಫೋರ್ನಿಯಾದ ಪರವಾನಗಿ ಅಂಗಡಿಗಳಿಂದ ತಂದ 42 ಉತ್ಪನ್ನಗಳನ್ನು ಖಾಸಗಿಯಾಗಿ ಪರೀಕ್ಷೆ ಮಾಡಿಸಿ ವರದಿ ಪ್ರಕಟಿಸಿತು. 25ರಲ್ಲಿ ಕೀಟನಾಶಕ ರಾಜ್ಯದ ಮಿತಿಯನ್ನೋ ತಂಬಾಕಿಗಿರುವ ಕೇಂದ್ರದ ಮಿತಿಯನ್ನೋ ಮೀರಿತ್ತು. ಕಾನೂನಿನ ಪ್ರಕಾರ ಪ್ರಯೋಗಾಲಯದಲ್ಲಿ ಪಾಸಾಗದೆ ಕಪಾಟಿಗೇ ಬರುವಂತಿಲ್ಲದ ಮಾಲು ಅದು. ಆಮೇಲೆ ರಾಜ್ಯ ಹಿಂಪಡೆಯುವ ಆದೇಶಗಳನ್ನು ಹೊರಡಿಸಿದಾಗ, ಯಾವ ಪೊಟ್ಟಣ ತೆಗೆಯಬೇಕೆಂದು ಅಂಗಡಿಯವರು ಹುಡುಕಿದ್ದು ಮತ್ತೆ ಬ್ಯಾಚ್ ಸಂಖ್ಯೆ ಹಿಡಿದೇ.